ಗದ್ದಲ ಎಂದು ಬರೆದ ಅರ್ಧ ನಿಮಿಷ

ನಮ್ಮ ಕೋಣೆಯಲ್ಲಿ ಅವರಿಗೆ ‘ಕಡ್ಡಿ ಮೇಡಂ’ ಎಂದು ಹೆಸರಿಟ್ಟವನು ನಾನು. ಮೈಕಟ್ಟು ಸಣಕಲು ಎನ್ನುವುದು ಚಿಕ್ಕ ಕಾರಣ. ಏನು ಹೇಳುವುದಿದ್ದರೂ ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದರು ಎನ್ನುವುದು ದೊಡ್ಡ ಕಾರಣ. ಹೆಸರು ಕಿವಿಗೆ ಬಿದ್ದ ದಿನ ನೇರವಾಗಿ ನನ್ನ ಮೇಜಿಗೆ ಬಂದು, “ನೀನಾ ಇಟ್ಟಿದ್ದು? ಇರ್ಲಿ ಬಿಡು ತಮ್ಮಾ. ಬೆನ್ನ ಹಿಂದೆ ಅನ್ನೋ ಬದಲು ಎದುರಿಗೇ ಅನ್ನು, ನನಗೂ ಕತ್ತು ತಿರುಗಿಸೋ ಕೆಲಸ ತಪ್ಪುತ್ತೆ,” ಎಂದಿದ್ದರು. ಅವರು ನನಗಿಂತ ಎರಡು ವರ್ಷ ಮೊದಲು ಕೆಲಸಕ್ಕೆ ಸೇರಿದವರು. ಈ ಎರಡು ವರ್ಷ ಮುಂದೆ ಬೇಕಾಗುತ್ತದೆ, ಅದಕ್ಕೇ ಈಗಲೇ ಹೇಳಿದೆ.

ನಮ್ಮದು ದೇಶದ ಸಂಸತ್ತಿನಲ್ಲಿ ಶೀಘ್ರಲಿಪಿ ಬರೆಯುವ ಕೆಲಸ. ಸದನದ ನಡುವೆ, ಸಭಾಧ್ಯಕ್ಷರ ಪೀಠದ ಕೆಳಗೆ ಒಂದು ಮೇಜು, ಅದಕ್ಕೆ ಎರಡು ಕುರ್ಚಿ. ಒಬ್ಬೊಬ್ಬರಿಗೆ ಐದು ನಿಮಿಷದ ಪಾಳಿ. ಸದಸ್ಯರು ಆಡಿದ್ದನ್ನೆಲ್ಲ ಗೀರು, ಕೊಂಕು, ಚುಕ್ಕೆಗಳಲ್ಲಿ ಹಿಡಿದುಕೊಂಡು, ಪಾಳಿ ಮುಗಿದ ಕೂಡಲೇ ಕೆಳಗಿನ ಕೋಣೆಗೆ ಓಡಿ, ಟೈಪ್ ಮಾಡಿ, ಸಹಿ ಹಾಕಿ ಕೊಡಬೇಕು. ಪಾಳಿ ಬದಲಾಗುವಾಗ ಒಂದು ಮಾತೂ ಬಿದ್ದುಹೋಗಬಾರದೆಂದು ಮುಂದಿನವರು ಅರ್ಧ ನಿಮಿಷ ಮೊದಲೇ ಬಂದು ಪಕ್ಕದಲ್ಲಿ ಕೂತು ಬರೆಯಲು ಶುರುಮಾಡುತ್ತಾರೆ. ಆ ಅರ್ಧ ನಿಮಿಷಕ್ಕೆ ನಾವು ‘ಬೆಸುಗೆ’ ಎನ್ನುತ್ತಿದ್ದೆವು. ಬೆಸುಗೆಯ ಮಾತು ಇಬ್ಬರ ಪುಸ್ತಕದಲ್ಲೂ ಇರುತ್ತದೆ. ಎರಡೂ ಒಂದೇ ಆಗಿದ್ದರೆ ತಕರಾರಿಲ್ಲ. ಬೇರೆಯಾಗಿದ್ದರೆ ಇಬ್ಬರೂ ಮಾತಾಡಿಕೊಂಡು, ಯಾವುದು ಸರಿ ಎಂದು ತೀರ್ಮಾನಿಸಿ, ಇಬ್ಬರೂ ಸಹಿ ಹಾಕಬೇಕು. ಒಮ್ಮತ ಆಗದಿದ್ದರೆ ಮೈಕಿನಲ್ಲಿ ಧ್ವನಿಮುದ್ರಣ ಆದದ್ದೇ ಕೊನೆಯ ಮಾತು.

ಕೋಣೆ ನೆಲಮಾಳಿಗೆಯಲ್ಲಿತ್ತು. ಏಳು ಮೇಜು, ಎರಡು ಫ್ಯಾನು, ಫುಟ್‌ಪಾತಿನ ಮಟ್ಟಕ್ಕೆ ಒಂದು ಕಿಟಕಿ. ದಿನವಿಡೀ ಆ ಕಿಟಕಿಯಲ್ಲಿ ಜನರ ಕಾಲುಗಳು ಮಾತ್ರ ಕಾಣುತ್ತಿದ್ದವು. ಕಟ್ಟಡ ಕಟ್ಟಿದ ಪುಣ್ಯಾತ್ಮರಿಗೆ ಈ ಕೋಣೆಗೆ ಹೆಂಗಸೊಬ್ಬಳು ಬಂದಾಳು ಎಂಬ ಕಲ್ಪನೆಯೇ ಇದ್ದಂತಿಲ್ಲ. ಹೆಂಗಸರ ಶೌಚಾಲಯ ಎರಡನೇ ಮಹಡಿಯಲ್ಲಿ, ಪ್ರೇಕ್ಷಕರ ಗ್ಯಾಲರಿಯ ಹಿಂದೆ. ಎರಡು ಪಾಳಿಯ ನಡುವೆ ಮೇಡಂ ಎಪ್ಪತ್ತೆರಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಸದಸ್ಯೆಯರೂ ಅಲ್ಲೇ ಸಾಲು ನಿಲ್ಲುತ್ತಿದ್ದರು, ಒಂದು ಕಾಲಕ್ಕೆ ಮಂತ್ರಿಯಾಗಿದ್ದ ಹೆಂಗಸೂ ನಿಂತಿದ್ದರಂತೆ. “ಈ ಸಂಸತ್ತಲ್ಲಿ ಸಮಾನತೆ ಅಂತ ಇರೋದು ಅದೊಂದೇ ಜಾಗದಲ್ಲಿ ನೋಡು,” ಎಂದು ಏದುಸಿರು ಬಿಡುತ್ತ ಬಂದು ಕೂರುತ್ತಿದ್ದರು. ಮುನ್ನೂರ ಚಿಲ್ಲರೆ ಸದಸ್ಯರಲ್ಲಿ ಹೆಂಗಸರು ಆಗ ಹತ್ತೊಂಬತ್ತು ಜನ.

ಇಪ್ಪತ್ತೆರಡನೇ ವಯಸ್ಸಿಗೆ ಕೆಲಸಕ್ಕೆ ಸೇರಲು ಬಂದಾಗ ಸಂದರ್ಶನದಲ್ಲಿ ಅವರಿಗೆ ಕೇಳಿದ ಮೊದಲ ಪ್ರಶ್ನೆ, ಸದನ ತಡವಾದರೆ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ ಎಂದು. “ಸದನ ತಡವಾದ್ರೆ ನಿಮ್ಮನೇಲಿ ಯಾರು ಮಾಡ್ತಾರೆ ಸಾರ್?” ಎಂದು ಇವರು ತಿರುಗಿ ಕೇಳಿದ್ದರು. ಆಯ್ಕೆ ಮಾಡದೆ ವಿಧಿಯಿರಲಿಲ್ಲ, ನಿಮಿಷಕ್ಕೆ ನೂರ ಅರವತ್ತು ಪದ ಹಿಡಿದವರು ಆ ವರ್ಷ ಅವರೊಬ್ಬರೇ.

ಆ ವೇಗ ಅವರ ಅತ್ತೆಯ ಕೊಡುಗೆ. ಐದನೇ ತರಗತಿಗೇ ಶಾಲೆಯ ಮೆಟ್ಟಿಲು ಇಳಿದಿದ್ದ ಮುದುಕಿ ದಿನಾ ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ, ಉಸಿರು ಬಿಡದೆ ಓದುವುದು, ಸೊಸೆ ಎದುರು ಕೂತು ಬರೆದುಕೊಳ್ಳುವುದು. ಪೇಪರು ಮುಗಿದ ಮೇಲೆ ಅತ್ತೆ ಅಕ್ಕಪಕ್ಕದವರನ್ನು ಬೈಯಲು ಶುರುಮಾಡುತ್ತಿದ್ದರಂತೆ. ಸೊಸೆ ಪೆನ್ಸಿಲ್ ಕೆಳಗಿಡುತ್ತಿರಲಿಲ್ಲ. “ಬೈಯೋವಾಗ ನಮ್ಮತ್ತೆ ನಿಮಿಷಕ್ಕೆ ನೂರೆಂಬತ್ತು. ಅದನ್ನೇ ಹಿಡಿದೋಳಿಗೆ ಮಂತ್ರಿಗಳು ಯಾವ ಮೂಲೆಗೆ?” ಎನ್ನುತ್ತಿದ್ದರು. ಗಂಡನಿಗೆ ಕನ್ನಡಕದ ಅಂಗಡಿ, ಮಾತು ಕಮ್ಮಿ. ಇಬ್ಬರು ಹೆಂಗಸರ ನಡುವೆ ಪಾಪ, ಅವಕಾಶ ಸಿಗಬೇಕಲ್ಲ.

ಈ ಕತೆ ನಡೆದ ತಿಂಗಳ ಕೊನೆಗೆ ನಮ್ಮ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಅವರನ್ನು ನಾವು ‘ದೊಡ್ಡವರು’ ಎನ್ನುತ್ತಿದ್ದೆವು. ಆ ಕುರ್ಚಿಯಲ್ಲಿ ಅದುವರೆಗೆ ಹೆಂಗಸು ಕೂತದ್ದಿಲ್ಲ. ಹಿರಿತನದ ಪ್ರಕಾರ ಈಗ ಮೇಡಂ ಕೂರಬೇಕು, ಅವರ ನಂತರ ನಾನು. ಆದರೆ ಅವರು ತಮ್ಮಾ ಎಂದು ಕರೆದರೂ ವಯಸ್ಸಿನಲ್ಲಿ ನಾನು ಅವರಿಗಿಂತ ದೊಡ್ಡವನು, ತಡವಾಗಿ ಸೇರಿದವನು. ಅವರು ಕುರ್ಚಿ ಬಿಡುವ ಹೊತ್ತಿಗೆ ನಾನು ಮನೆಯಲ್ಲಿರುತ್ತೇನೆ. ಅವರು ಕೂತರೆ ನನಗೆ ಆ ಕುರ್ಚಿ ಈ ಜನ್ಮಕ್ಕಿಲ್ಲ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಅತ್ತೆ ಆಗಲೇ ಬೀದಿಗೆಲ್ಲ ಸುದ್ದಿ ಹಂಚಿ ಆಗಿತ್ತು.

ನಮ್ಮ ಕೆಲಸದಲ್ಲಿ ಒಂದು ಗುರುತಿತ್ತು. ಅಲೆಯ ಹಾಗೆ ಒಂದು ಗೀಟು. ಅದರ ಅರ್ಥ ‘ಗದ್ದಲ’. ನಾಲ್ಕು ಜನ ಒಟ್ಟಿಗೆ ಕೂಗಾಡಿದಾಗ ಯಾರು ಏನೆಂದರೆಂದು ಹಿಡಿಯಲಾಗದಿದ್ದರೆ ಆ ಗೀಟು ಎಳೆದು ಮುಂದೆ ಹೋಗುವುದು. ಒಳ್ಳೆಯ ಉಪಾಯವೇ. ಆದರೆ ವರ್ಷ ಕಳೆದಂತೆ ಆ ಗೀಟು ಎಲ್ಲಿ ಬೀಳುತ್ತದೆ ಎಂಬುದು ಬದಲಾಯಿತು. ಸದಸ್ಯೆಯೊಬ್ಬರು ಎದ್ದು ನಿಂತರೆ ಸಾಕು, ಹಿಂದಿನ ಸಾಲುಗಳಿಂದ “ಅಕ್ಕಾ, ಕೂತ್ಕೊಳ್ಳಿ”, “ತಾಯೀ, ಸಾಕು ಬಿಡಿ”, “ತಂಗೀ, ಯಾರು ಬರೆದುಕೊಟ್ಟಿದ್ದು” ಎಂದು ಶುರುವಾಗುತ್ತಿತ್ತು. ಬೀದಿಯಲ್ಲಿ ಗೌರವಕ್ಕೆ ಆಡುವ ಮಾತುಗಳು ಅಲ್ಲಿ ಬಾಯಿ ಮುಚ್ಚಿಸುವ ಅಸ್ತ್ರಗಳಾಗಿದ್ದವು. ಅವನ್ನು ನಾವು ಬರೆಯುತ್ತಿರಲಿಲ್ಲ. ಸದನದ ಮರ್ಯಾದೆ ನೋಡಬೇಕಲ್ಲ. ಗೀಟು ಎಳೆಯುತ್ತಿದ್ದೆವು. ಜೊತೆಗೆ ಆ ಸದಸ್ಯೆ ಹೇಳಿದ ಒಂದೆರಡು ಮಾತೂ ಅದರಡಿಯಲ್ಲಿ ಹೂತುಹೋಗುತ್ತಿತ್ತು. ಮೇಡಂ ಕೂಡ ಮೊದಮೊದಲು ಹಾಗೇ ಮಾಡಿದವರು. ಆಮೇಲೆ ಯಾವತ್ತೋ ನಿಲ್ಲಿಸಿದರು. ಅಕ್ಕ, ತಾಯಿ, ತಂಗಿ ಎಲ್ಲವೂ ಅವರ ಪುಸ್ತಕದಲ್ಲಿರುತ್ತಿದ್ದವು. ಟೈಪಾದ ಮೇಲೆ ದೊಡ್ಡವರು ಹೊಡೆದುಹಾಕುತ್ತಿದ್ದರು. ಮರುದಿನ ಇವರು ಮತ್ತೆ ಬರೆಯುತ್ತಿದ್ದರು. “ಹೊಡೆಯೋದು ನಿಮ್ಮ ಕೆಲಸ ಸಾರ್, ಬರೆಯೋದು ನಂದು,” ಎಂದು ಒಮ್ಮೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಆ ಹತ್ತೊಂಬತ್ತರಲ್ಲಿ ಒಬ್ಬರು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು, ಅವರ ಪಕ್ಷದವರೂ. ಅವರೊಂದು ಮಸೂದೆ ತಂದಿದ್ದರು: ಪ್ರತಿಯೊಂದು ಪಕ್ಷವೂ ಚುನಾವಣೆಯಲ್ಲಿ ಮೂರರಲ್ಲೊಂದು ಟಿಕೆಟನ್ನು ಹೆಂಗಸರಿಗೆ ಕೊಡಬೇಕು. ಮಂತ್ರಿಗಳಲ್ಲದ ಸದಸ್ಯರ ಮಸೂದೆಗೆ ಚೀಟಿ ಎತ್ತಿ ದಿನ ಕೊಡುತ್ತಾರೆ. ಇವರ ಚೀಟಿ ಬಂದದ್ದು ಮೂರನೇ ವರ್ಷಕ್ಕೆ. ನಿಯಮ ಸರಳ. ಸಭಾಧ್ಯಕ್ಷರು ಹೆಸರು ಕರೆದಾಗ ಎದ್ದು “ಮಂಡಿಸುತ್ತೇನೆ” ಎನ್ನಬೇಕು. ಮೂರು ಸಲ ಕರೆದರೂ ಅನ್ನದಿದ್ದರೆ ಮಸೂದೆ ಬಿದ್ದುಹೋಗುತ್ತದೆ, ಆ ಸಂಸತ್ತಿನ ಅವಧಿ ಮುಗಿಯುವ ತನಕ ಮತ್ತೆ ತರುವಂತಿಲ್ಲ. ಇದು ಪಾಸಾದರೆ ಎರಡೂ ಕಡೆಯ ಹಿರಿಯರ ಸೀಟಿಗೆ ಕತ್ತರಿ ಬೀಳುತ್ತಿತ್ತು. ಯಾವತ್ತೂ ಒಂದಾಗದವರು ಅವತ್ತು ಒಂದಾಗಿದ್ದರು.

ಮೂರೂ ಇಪ್ಪತ್ತಕ್ಕೆ ಮೇಡಂ ಪಾಳಿ ಮುಗಿಯುವುದಿತ್ತು. ನಾನು ಬೆಸುಗೆಗೆ ಬಂದು ಅವರ ಪಕ್ಕ ಕೂತು ಪುಸ್ತಕ ಬಿಚ್ಚಿದೆ. ಅದೇ ಕ್ಷಣಕ್ಕೆ ಸಭಾಧ್ಯಕ್ಷರು ಟೀಚರಮ್ಮನ ಹೆಸರು ಕರೆದರು. ಎರಡೂ ಕಡೆಯಿಂದ ಮೇಜು ಬಡಿಯುವ ಸದ್ದು ಎದ್ದಿತು. ಟೀಚರಮ್ಮ ಎದ್ದು ನಿಂತರು. ಅವರ ಮೈಕಿನ ಕೆಂಪು ದೀಪ ಹತ್ತಲಿಲ್ಲ. ಗುಂಡಿ ಒತ್ತಿದರು, ಮತ್ತೆ ಒತ್ತಿದರು. “ತಾಯೀ, ಮನೇಲಿ ಮಕ್ಕಳು ಕಾಯ್ತಿರ್ತಾರೆ,” ಎಂದು ಯಾರೋ ಕೂಗಿದರು. ನಗು. ಎರಡನೇ ಸಲ ಹೆಸರು. ಟೀಚರಮ್ಮ ಜಾಗ ಬಿಟ್ಟು, ಅಡ್ಡ ನಿಂತವರ ನಡುವೆ ಭುಜ ತೂರಿಸಿಕೊಂಡು ಇಳಿದು ಬಂದು, ನಮ್ಮ ಮೇಜಿನ ಅಂಚು ಹಿಡಿದು ನಿಂತರು. ನನ್ನ ಮುಖಕ್ಕೂ ಅವರ ಮುಖಕ್ಕೂ ಎರಡಡಿ ದೂರ. ಕುತ್ತಿಗೆಯ ನರ ಉಬ್ಬಿತ್ತು. ತರಗತಿಯ ಕೊನೇ ಬೆಂಚಿಗೆ ಕೇಳಿಸುವ ದನಿಯಲ್ಲಿ, “ಮಂಡಿಸುತ್ತೇನೆ,” ಎಂದರು. ಮೂರನೇ ಸಲ ಹೆಸರು. “ಮಂಡಿಸುತ್ತೇನೆ. ಅಧ್ಯಕ್ಷರೇ, ಮಂಡಿಸುತ್ತೇನೆ. ಮಂಡಿಸುತ್ತೇನೆ.” ಸಭಾಧ್ಯಕ್ಷರು ಕಾಗದದಿಂದ ತಲೆ ಎತ್ತಲಿಲ್ಲ. “ಸದಸ್ಯರಿಂದ ಪ್ರತಿಕ್ರಿಯೆ ಇಲ್ಲ. ಮಸೂದೆ ಬಿದ್ದಿದೆ,” ಎಂದರು. ಅವರ ಮೈಕು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ನಾನು ಪುಸ್ತಕ ನೋಡಿಕೊಂಡೆ. ಅಲ್ಲಿ ಒಂದು ಅಲೆಗೀಟು ಇತ್ತು. ಯಾವಾಗ ಎಳೆದೆನೋ ನನಗೇ ಗೊತ್ತಿಲ್ಲ. ಹೆಂಗಸೊಬ್ಬಳು ಎದ್ದಳು, ಕೂಗು ಶುರುವಾಯಿತು. ಕಿವಿ ಕೇಳುವ ಮೊದಲೇ ಕೈ ಬರೆದು ಮುಗಿಸಿತ್ತು. ನಾಲ್ಕೂ ಸಲ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಪಕ್ಕದಲ್ಲಿ ಮೇಡಂ ಪುಸ್ತಕದಲ್ಲಿ ನಾಲ್ಕೂ ಇದ್ದವು, ಮಕ್ಕಳು ಕಾಯುತ್ತಿರುವ ಮಾತೂ ಇತ್ತು. ಅವರು ಎದ್ದು ಕೆಳಗೆ ಹೋದರು. ನಾನು ನನ್ನ ಐದು ನಿಮಿಷ ಬರೆದೆ. ಏನು ಬರೆದೆನೋ ದೇವರೇ ಬಲ್ಲ.

ನಾನು ಕೋಣೆಗೆ ಇಳಿಯುವಷ್ಟರಲ್ಲಿ ಅವರದು ಟೈಪಾಗಿ ದೊಡ್ಡವರ ಮೇಜಿನ ಮೇಲಿತ್ತು. ಸಭಾಧ್ಯಕ್ಷರ ತೀರ್ಮಾನ ಇಬ್ಬರೂ ಸಹಿ ಹಾಕಿದ ದಾಖಲೆಗೆ ಹೊಂದುತ್ತಿಲ್ಲ ಎಂದು ಅದೇ ದಿನ, ಸದನ ಏಳುವ ಮೊದಲು ಪೀಠಕ್ಕೆ ತಿಳಿಸಿದರೆ ಮಸೂದೆ ಮತ್ತೆ ಜೀವ ಪಡೆಯುತ್ತಿತ್ತು. ಸದನ ಏಳುವುದು ಆರಕ್ಕೆ. ದೊಡ್ಡವರು ಕಾಗದವನ್ನು ಬಿಸಿ ತಟ್ಟೆಯ ಹಾಗೆ ತುದಿಬೆರಳಲ್ಲಿ ಹಿಡಿದಿದ್ದರು. ಅಷ್ಟರಲ್ಲಿ ಮೇಲಿನಿಂದ ಫೋನು. “ಆಯ್ತು ಸಾರ್. ನೋಡ್ತೀನಿ ಸಾರ್. ಖಂಡಿತ ಸಾರ್.” ಫೋನಿಟ್ಟು ಮೇಡಂ ಕಡೆ ತಿರುಗಿದರು.

“ನೋಡಮ್ಮ, ಹಾವೂ ಸಾಯಬಾರದು, ಕೋಲೂ ಮುರೀಬಾರದು. ಇಲ್ಲಿ ಗದ್ದಲ ಅಂತ ಹಾಕಿ ಕೊಡು. ಗದ್ದಲ ಇದ್ದಿದ್ದು ಸುಳ್ಳೇನಲ್ವಲ್ಲ?”

“ಗದ್ದಲಾನೂ ಇತ್ತು ಸಾರ್. ಅದರ ಜೊತೆ ಮಂಡಿಸುತ್ತೇನೆ ಅಂತಾನೂ ಇತ್ತು. ನಾಲ್ಕು ಸಲ.”

“ಮೈಕಲ್ಲಿ ಇಲ್ಲ.”

“ಮೈಕು ಆರಿಸಿದ್ರು. ನನ್ನ ಕಿವಿಗೆ ಸ್ವಿಚ್ಚಿಲ್ಲ.”

ದೊಡ್ಡವರು ಡ್ರಾಯರ್ ಎಳೆದು ಒಂದು ಕವರು ತೆಗೆದು ಮೇಜಿನ ಮೇಲಿಟ್ಟರು. ಅದೇನೆಂದು ಇಡೀ ಕೋಣೆಗೆ ಗೊತ್ತಿತ್ತು. ಮುಂದಿನ ಮುಖ್ಯಸ್ಥರ ಹೆಸರಿನ ಶಿಫಾರಸು. “ಇದು ಇವತ್ತೇ ಮೇಲೆ ಹೋಗಬೇಕು. ಇಪ್ಪತ್ತಾರು ವರ್ಷ ದುಡಿದಿದ್ದೀಯ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೋಬೇಡ. ನಾಳೆ ಈ ಕುರ್ಚೀಲಿ ಕೂತ ಮೇಲೆ ನಿನಗೆ ಬೇಕಾದ ಹಾಗೆ ನಡೆಸು, ಯಾರು ಬೇಡ ಅಂತಾರೆ?”

ಮೇಡಂ ಕವರನ್ನು ನೋಡಿದರು. ಸುಮ್ಮನೆ ನೋಡಿದರು ಎನ್ನಲಾರೆ, ಆಸೆಯಿಂದಲೇ ನೋಡಿದರು. ಅವರ ಕೈ ಸೆರಗಿನ ಅಂಚನ್ನು ಸುರುಳಿ ಸುತ್ತಿ ಬಿಡಿಸಿತು. ಆಮೇಲೆ, “ಇವತ್ತು ಹೀಗೆ ಬರೆದು ಕೂತರೆ, ನಾಳೆ ಅಲ್ಲಿ ಕೂತ್ಕೊಂಡು ಬೇರೆಯವರ ಕೈಲಿ ಹೀಗೇ ಬರೆಸಬೇಕಾಗುತ್ತೆ ಸಾರ್. ಅದು ನನ್ನಿಂದಾಗಲ್ಲ,” ಎಂದರು.

ಅವರ ಪುಸ್ತಕವನ್ನು ಕಸಿದುಕೊಂಡು ಬೇರೆಯವರಿಂದ ಟೈಪ್ ಮಾಡಿಸುವ ಹಾಗಿರಲಿಲ್ಲ. ಅವರ ಪಾಳಿಗೆ ಅವರದೇ ಸಹಿ ಬೇಕು. ಉಳಿದದ್ದು ಒಂದೇ ದಾರಿ. ದೊಡ್ಡವರು ಕತ್ತು ಹೊರಳಿಸಿ ನನ್ನನ್ನು ನೋಡಿದರು. “ಬೆಸುಗೆ ನಿನ್ನದಲ್ವೇನಯ್ಯಾ? ನಿನ್ನ ಪುಸ್ತಕದಲ್ಲಿ ಏನಿದೆ?”

ತೋರಿಸಿದೆ. ಸುಳ್ಳು ಹೇಳಲಿಲ್ಲ, ಇದ್ದದ್ದನ್ನು ತೋರಿಸಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ದೊಡ್ಡವರ ಮುಖ ಅರಳಿತು. ಮೇಡಂ ನನ್ನ ಹತ್ತಿರ ಬಂದರು.

“ಕೈ ಜಾರಿರಬಹುದು ತಮ್ಮಾ. ನಂದೂ ಎಷ್ಟೋ ಸಲ ಜಾರಿದೆ. ನಾನು ಬೈಯಲ್ಲ. ಕಿವಿಗೇನು ಬಿತ್ತು, ಅದನ್ನ ಹೇಳು. ಇಬ್ಬರೂ ಸಹಿ ಹಾಕೋಣ.”

“ಟೈಪ್ ಮಾಡ್ತಾ ನೋಡ್ತೀನಿ,” ಎಂದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ನನ್ನ ಮೇಜಿಗೆ ಹೋಗಿ ಕೂತು, ಒಂದು ಪುಟ ಟೈಪ್ ಮಾಡಲು ಎರಡು ಗಂಟೆ ತೆಗೆದುಕೊಂಡೆ. ನಮ್ಮಿಬ್ಬರ ಮುಂದಿನ ಪಾಳಿಗಳನ್ನು ದೊಡ್ಡವರು ಬೇರೆಯವರಿಗೆ ಹಂಚಿದರು. ಜವಾನ ಚಹಾ ತಂದಿಟ್ಟು, ನಮ್ಮ ಮುಖ ನೋಡಿ, ಎಂದಿನ ಜೋಕು ಹೇಳದೆ ಹೋದ. ದೊಡ್ಡವರು ಮಧ್ಯೆ ಒಮ್ಮೆ ನನ್ನ ಬೆನ್ನ ಹಿಂದೆ ಬಂದು ನಿಂತು, ಹೆಗಲ ಮೇಲೆ ಕೈಯಿಟ್ಟು, “ಹಿರಿತನದಲ್ಲಿ ಆಮೇಲೆ ನೀನೇ ಅಲ್ವಾ?” ಎಂದು ಮೆತ್ತಗೆ ಕೇಳಿ ಹೋದರು. ಅಷ್ಟೇ. ಅಷ್ಟು ಸಾಕಾಗಿತ್ತು.

ಐದೂ ನಲವತ್ತೆಂಟಕ್ಕೆ ಬಾಗಿಲಲ್ಲಿ ಟೀಚರಮ್ಮ ನಿಂತಿದ್ದರು. ತಾವು ಆಡಿದ್ದು ಹೇಗೆ ದಾಖಲಾಗಿದೆ ಎಂದು ನೋಡುವ ಹಕ್ಕು ಪ್ರತಿ ಸದಸ್ಯರಿಗೂ ಇದೆ. ಸಾಮಾನ್ಯವಾಗಿ ಆಪ್ತ ಸಹಾಯಕರನ್ನು ಕಳಿಸುತ್ತಾರೆ. ಸದಸ್ಯರೇ ಆ ನೆಲಮಾಳಿಗೆಗೆ ಇಳಿದು ಬಂದದ್ದು ನಾನು ನೋಡಿರಲಿಲ್ಲ. ಹತ್ತಿರದಿಂದ ನೋಡಿದರೆ ನಮ್ಮ ಪಕ್ಕದ ಮನೆಯವರ ಹಾಗಿದ್ದರು. ಅಂಗೈ ಮೇಲೆ ಮೇಜಿನ ಅಂಚು ತರಚಿದ ಕೆಂಪು ಗೆರೆ ಇನ್ನೂ ಇತ್ತು.

ದೊಡ್ಡವರು ಎದ್ದು ನಿಂತು, “ಬನ್ನಿ ತಾಯೀ, ಕೂತ್ಕೊಳ್ಳಿ,” ಎಂದರು.

“ಇವತ್ತೆಲ್ಲ ಅದನ್ನೇ ಕೇಳಿದೀನಿ. ನಿಂತೇ ಇರ್ತೀನಿ,” ಎಂದರು ಟೀಚರಮ್ಮ. “ನನ್ನ ಮಾತು ಹೇಗೆ ಬರೆದಿದ್ದೀರಿ, ತೋರಿಸಿ.”

ಮೇಡಂ ತಮ್ಮ ಪುಟ ಕೊಟ್ಟರು. ಟೀಚರಮ್ಮ ಓದಿದರು, ತುಟಿ ಬಿಗಿಹಿಡಿದರು. ಬೆಸುಗೆಯ ವಿಷಯವನ್ನು ದೊಡ್ಡವರು ವಿವರಿಸಿದರು: ಎರಡು ಪುಸ್ತಕ, ಎರಡು ರೀತಿ, ನಿಯಮ ಹೀಗಿದೆ, ನಮ್ಮ ಕೈಯಲ್ಲಿ ಏನೂ ಇಲ್ಲ. ಟೀಚರಮ್ಮ ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

“ನೀವೇ ಅಲ್ವಾ ಪಕ್ಕದಲ್ಲಿದ್ದಿದ್ದು? ನಾನು ನಿಮ್ಮ ಮುಖಾನೇ ನೋಡ್ತಾ ಹೇಳಿದೆ. ನಿಮಗೆ ಕೇಳಿಸ್ತಾ?”

ದೊಡ್ಡವರ ಮೇಜಿನ ಮೇಲೆ ಕವರು ಹಾಗೇ ಇತ್ತು, ಇನ್ನೂ ಅಂಟಿಸಿರಲಿಲ್ಲ.

“ಗದ್ದಲ ಇತ್ತು ಮೇಡಂ,” ಎಂದೆ. “ಸರಿಯಾಗಿ ಕೇಳಿಸಲಿಲ್ಲ.”

ನನ್ನ ಎಡಕ್ಕೆ ಪೆನ್ಸಿಲ್ ಓಡುವ ಸದ್ದಾಯಿತು. ಆ ಸದ್ದು ನಮ್ಮಂಥವರಿಗೆ ನಿದ್ದೆಯಲ್ಲೂ ಗುರುತು ಸಿಗುತ್ತದೆ. ಮೇಡಂ ತಮ್ಮ ಪುಸ್ತಕದಲ್ಲಿ, ಆ ದಿನದ ಪಾಳಿಯ ಕೆಳಗೆ, ಬರೆಯುತ್ತಿದ್ದರು.

“ಏನು ಬರ್ಕೊಂಡ್ರಿ?” ಎಂದು ಟೀಚರಮ್ಮ ಕೇಳಿದರು.

“ಇವರು ಹೇಳಿದ್ದನ್ನ.”

“ಓದಿ.”

ಮೇಡಂ ಓದಿದರು. ಸದನದ ಮಾತನ್ನು ನಾವು ಓದಿ ಹೇಳುವಾಗ ಹೇಗೆ ಓದುತ್ತೇವೋ ಹಾಗೆ, ಏರಿಳಿತವಿಲ್ಲದೆ. “‘ಗದ್ದಲ ಇತ್ತು ಮೇಡಂ. ಸರಿಯಾಗಿ ಕೇಳಿಸಲಿಲ್ಲ.’” ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ತಮ್ಮ ಮಾತು ನೋಡಲು ಬಂದ ಸದಸ್ಯರಿಗೆ ನಾವು ತಪ್ಪದೆ ಕೇಳುವ ಒಂದು ಪ್ರಶ್ನೆಯಿದೆ, ಇಪ್ಪತ್ತಾರು ವರ್ಷದಲ್ಲಿ ಅದನ್ನು ಅವರು ಸಾವಿರಾರು ಸಲ ಕೇಳಿರಬೇಕು. ಅದನ್ನೇ ಕೇಳಿದರು.

“ತಿದ್ದುಪಡಿ ಏನಾದರೂ ಇದೆಯೇ?”

ಗಡಿಯಾರದಲ್ಲಿ ಐದೂ ಐವತ್ತೆರಡು. ಮೇಲೆ ಹೋಗಲು ಎರಡು ನಿಮಿಷ ಸಾಕು. ಇದೆ ಎಂದಿದ್ದರೆ ಸಾಕಿತ್ತು. ಆ ಮಸೂದೆ ಉಳಿಯುತ್ತಿತ್ತು. ಕೆಲಸಕ್ಕೆ ಬಾರದವರೆಂದು ಮುಂದಿನ ಚುನಾವಣೆಯಲ್ಲಿ ಪಕ್ಷ ಟಿಕೆಟ್ ಕೊಡದೆ ಮನೆಗೆ ಕಳಿಸಿದ ಟೀಚರಮ್ಮ ಸದನದಲ್ಲೇ ಇರುತ್ತಿದ್ದರು, ಅವರ ಹಿಂದೆ ಇನ್ನೂ ಎಷ್ಟೋ ಜನ ಬರುತ್ತಿದ್ದರು. ಆಮೇಲೆ ನಾಲ್ಕು ವರ್ಷ ನಾನು ಕೂತ ಕುರ್ಚಿ, ಯಾರದಾಗಬೇಕಿತ್ತೋ ಅವರದಾಗುತ್ತಿತ್ತು. ಇದೆಲ್ಲ ನನಗೆ ಆಮೇಲೆ ಹೊಳೆದದ್ದು ಎಂದು ಹೇಳಿದರೆ ನಂಬಬೇಡಿ. ಅಲ್ಲಿ ನಿಂತಾಗಲೇ, ಆ ಗಳಿಗೆಯಲ್ಲೇ, ಬಹುಪಾಲು ಗೊತ್ತಿತ್ತು.

“ಇಲ್ಲ,” ಎಂದೆ.

ಅದನ್ನೂ ಬರೆದುಕೊಂಡರು.